ಬಾಳೆಗೆ ಆಗುತ್ತೆ, ಕರಬೂಜಕ್ಕೆ ಯಾಕಾಗಲ್ಲ?

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಹಿರಿಯೂರು ಕಡೆಯಿಂದ ನಮ್ಮ ಭಾವ ಫೋನ್ ಮಾಡಿದರು. ಅವರ ಹೊಲದಲ್ಲಿ ಹೈಬ್ರಿಡ್ ಕರಬೂಜ. ಒಂದು ಸಾಲಿನಲ್ಲಿ ಸೊರಗು ರೋಗ ಬಿದ್ದು ಬಳ್ಳಿಗಳೆಲ್ಲ ಮಲಗಿದ್ದವು. ಅದೇ ಸಾಲಿನ ನಡುವೆ ಒಂದೇ ಒಂದು ಬಳ್ಳಿ ಹಸಿರಾಗಿ ನಿಂತು, ನಾಲ್ಕು ಹಣ್ಣು ಹೊತ್ತಿತ್ತು.

"ಈ ಬಳ್ಳೀನ ಹಿಂಗೇ ಉಳಿಸ್ಕೋಬೇಕು ಕಣಯ್ಯಾ. ನೀನು ಬಾಟ್ಲೀಲಿ ಗಿಡ ಮಾಡೋ ಲ್ಯಾಬಲ್ಲಿ ಇದ್ದವನಲ್ವಾ? ಬಾಳೆಗೆ ಆಗುತ್ತೆ ಅಂದ್ರೆ ಕರಬೂಜಕ್ಕೆ ಯಾಕಾಗಲ್ಲ?"

"ಆಗುತ್ತೆ ಭಾವ. ಆದ್ರೆ ನಿಮಗೆ ಬೇಡ" ಅಂದೆ.

ಅವರಿಗೆ ಸಿಟ್ಟು ಬಂತು. ನ್ಯಾಯವೇ. 'ಆಗುತ್ತೆ, ಆದ್ರೆ ಬೇಡ' ಅಂದರೆ ಯಾರಿಗೆ ತಾನೇ ಸಮಾಧಾನ ಆದೀತು? ಅವರು ಕೇಳಿದ್ದು ಟಿಶ್ಯೂ ಕಲ್ಚರ್, ಅಂದರೆ ಗಿಡದ ಒಂದು ತುಣುಕನ್ನು ಬಾಟಲಿಯಲ್ಲಿ ಬೆಳೆಸಿ ಹೊಸ ಗಿಡ ಮಾಡೋದು. ಅವತ್ತು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಹೈಬ್ರಿಡ್ ಅಂದರೆ ಏನು ಅನ್ನೋದು. ಕಂಪನಿಯವರ ಹತ್ತಿರ ಎರಡು ಶುದ್ಧ ತಳಿಗಳು ಇರುತ್ತವೆ. ಒಂದರ ಹಣ್ಣು ಸಿಹಿ ಅಂತ ಇಟ್ಟುಕೊಳ್ಳಿ, ಇನ್ನೊಂದಕ್ಕೆ ಬೂದಿ ರೋಗ ಅಷ್ಟಾಗಿ ತಾಗಲ್ಲ. ಶುದ್ಧ ಅಂದರೆ ಏಳೆಂಟು ತಲೆಮಾರು ಅದರದೇ ಪರಾಗವನ್ನು ಅದಕ್ಕೇ ಕೊಟ್ಟು, ಇನ್ನು ಬೇರೆ ಬಣ್ಣ ಬರೋದೇ ಇಲ್ಲ ಅನ್ನುವ ಮಟ್ಟಕ್ಕೆ ತಂದದ್ದು. ಇವೆರಡನ್ನೂ ಸೇರಿಸಿದಾಗ ಬರುವ ಮೊದಲ ತಲೆಮಾರೇ ಪೊಟ್ಟಣದಲ್ಲಿ ಬರುವ ಹೈಬ್ರಿಡ್ ಬೀಜ. ಇಸ್ಪೀಟಿನ ಲೆಕ್ಕದಲ್ಲಿ ಹೇಳುವುದಾದರೆ, ಪ್ರತಿ ಗುಣಕ್ಕೂ ತಾಯಿಯದೊಂದು ಎಲೆ, ತಂದೆಯದೊಂದು ಎಲೆ ಕೈಯಲ್ಲಿ ಹಿಡಿದು ಹುಟ್ಟುತ್ತದೆ. ಹೊಲದಲ್ಲಿರುವ ಆರು ಸಾವಿರ ಬಳ್ಳಿಗಳ ಕೈಯಲ್ಲೂ ಅವೇ ಎಲೆಗಳು. ಅದಕ್ಕೇ ಎಲ್ಲ ಹಣ್ಣೂ ಒಂದೇ ಗಾತ್ರ, ಸಿಪ್ಪೆಯ ಮೇಲೆ ಒಂದೇ ಬಲೆ, ಒಂದೇ ವಾರದಲ್ಲಿ ಕಟಾವು.

ಈಗ ಆ ಹೈಬ್ರಿಡ್ ಹಣ್ಣಿನ ಬೀಜ ತೆಗೆದು ಬಿತ್ತಿ ನೋಡಿ. ಬೀಜ ಕಟ್ಟುವಾಗ ಗಿಡ ಎಲೆಗಳನ್ನು ಮತ್ತೆ ಕಲಸಿ ಹಂಚುತ್ತದೆ. ಒಂದಕ್ಕೆ ಎರಡೂ ಎಲೆ ತಾಯಿಯದೇ ಬಂದಿರುತ್ತದೆ, ಇನ್ನೊಂದಕ್ಕೆ ಎರಡೂ ತಂದೆಯದೇ. ಬೇರೆ ಬೇರೆ ಹತ್ತು ಜೀನುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೂ, ಹತ್ತರಲ್ಲೂ ಹೈಬ್ರಿಡ್‌ನ ಹಾಗೇ 'ಒಂದು ಅಮ್ಮಂದು, ಒಂದು ಅಪ್ಪಂದು' ಅಂತ ಬರುವ ಸಾಧ್ಯತೆ 1024ರಲ್ಲಿ ಒಂದು. ಕರಬೂಜದಲ್ಲಿ ಹತ್ತಲ್ಲ, ಸಾವಿರಾರು ಜೀನುಗಳಿವೆ. ಹಾಗಾಗಿ ಎರಡನೇ ವರ್ಷ ಹೊಲ ಜಾತ್ರೆಯಾಗುತ್ತದೆ. ಒಂದು ಉದ್ದ, ಒಂದು ದುಂಡು, ಒಂದು ಸಪ್ಪೆ.

ಬೀಜ ಹಾಕಿದರೆ ಎಲೆ ಕಲಸುತ್ತದೆ. ಬೀಜವೇ ಇಲ್ಲದೆ, ಕಾಂಡದಿಂದ ನೇರವಾಗಿ ಗಿಡ ಮಾಡಿದರೆ? ಕಲಸುವ ಪ್ರಶ್ನೆಯೇ ಇಲ್ಲ. ಭಾವನ ತಲೆಗೆ ಬಂದದ್ದೂ ಇದೇ. ತರ್ಕ ಸರಿಯಾಗಿಯೇ ಇದೆ. ಆದರೆ ಅದೇ ತರ್ಕದಲ್ಲಿ ಒಂದು ತೂತು ಇದೆ. ಅದನ್ನು ಅವರಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಾದರು.

ಹೊಲದ ಎಲ್ಲ ಬಳ್ಳಿಗಳ ಕೈಯಲ್ಲೂ ಅವೇ ಎಲೆಗಳು ಅಂದೆನಲ್ಲ. ಹಾಗಿದ್ದ ಮೇಲೆ ಬದುಕಿದ ಆ ಒಂದು ಬಳ್ಳಿ, ಸತ್ತ ಬಳ್ಳಿಗಳಿಗಿಂತ ಹುಟ್ಟಿನಲ್ಲಿ ಬೇರೆಯಲ್ಲ. ಸೊರಗು ರೋಗದ ಬೂಷ್ಟು ಮಣ್ಣಿನಲ್ಲಿರುತ್ತದೆ, ಎಲ್ಲ ಕಡೆ ಒಂದೇ ಸಮ ಇರಲ್ಲ. ಆ ಬಳ್ಳಿಯ ಬೇರು ಹೋದ ಜಾಗದಲ್ಲಿ ರೋಗ ಕಮ್ಮಿ ಇದ್ದಿರಬಹುದು. ನೀರು ಹೆಚ್ಚು ನಿಂತಿಲ್ಲದಿರಬಹುದು. ಪೊಟ್ಟಣದಲ್ಲಿ ಅಪರೂಪಕ್ಕೆ ಒಂದು ಬೆರಕೆ ಬೀಜ ಸೇರಿರೋದೂ ಉಂಟು, ಇಲ್ಲ ಅನ್ನಲ್ಲ. ಆದರೆ ಹೆಚ್ಚಿನ ಸಲ ಆ ಬಳ್ಳಿಯನ್ನು ಟಿಶ್ಯೂ ಕಲ್ಚರ್ ಮಾಡಿ ಪಡೆಯುವುದು, ಮುಂದಿನ ವರ್ಷ ಅಂಗಡಿಯಲ್ಲಿ ಸಿಗುವ ಅದೇ ಪೊಟ್ಟಣವನ್ನೇ. ಎಷ್ಟೋ ಪಟ್ಟು ಖರ್ಚು ಮಾಡಿ!

ಅಷ್ಟಾದರೂ ಮಾಡಲಿಕ್ಕೆ ಆಗುತ್ತದೆ ಅನ್ನೋದು ನಿಜ. ಹೇಗೆ ಅಂತ ನೋಡೋಣ.

ಗಿಡದ ಒಂದು ಜೀವಕೋಶದಲ್ಲಿ ಇಡೀ ಗಿಡದ ಲೆಕ್ಕ ಇರುತ್ತದೆ, ಸರಿಯಾದ ಊಟ ಕೊಟ್ಟರೆ ಅದರಿಂದ ಗಿಡವನ್ನೇ ಬೆಳೆಸಬಹುದು ಅಂತ ಆಸ್ಟ್ರಿಯಾದ ಹಾಬರ್‌ಲಾಂಟ್ 1902ರಲ್ಲೇ ಬರೆದಿದ್ದರು. ಅವರ ಕೈಯಲ್ಲಿ ಆಗಲಿಲ್ಲ, ಊಟ ಏನು ಅಂತ ಗೊತ್ತಿರಲಿಲ್ಲ. ಅದು ಗೊತ್ತಾಗೋಕೆ ಐವತ್ತು ವರ್ಷ ಬೇಕಾಯಿತು. ಅಮೆರಿಕದ ಸ್ಕೂಗ್ ಮತ್ತು ಮಿಲ್ಲರ್ 1955ರಲ್ಲಿ ಕೈನೆಟಿನ್ ಅನ್ನುವ ಚಿಗುರಿನ ಹಾರ್ಮೋನು ಹಿಡಿದರು. ಎಲ್ಲಿಂದ ಗೊತ್ತಾ? ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎಯನ್ನು ಕುಕ್ಕರಿನಂಥ ಪಾತ್ರೆಯಲ್ಲಿ ಬೇಯಿಸಿದಾಗ! ಗಿಡದ ಚಿಗುರಿಗೆ ಮೀನು ಕಾರಣ. 1957ರಲ್ಲಿ ಅವರೇ ಇನ್ನೊಂದು ಮಾತು ತೋರಿಸಿಕೊಟ್ಟರು. ಚಿಗುರಿನ ಹಾರ್ಮೋನು ಜಾಸ್ತಿ, ಬೇರಿನ ಹಾರ್ಮೋನು ಕಮ್ಮಿ ಇದ್ದರೆ ತುಣುಕು ಚಿಗುರೊಡೆಯುತ್ತದೆ. ಅದಲುಬದಲಾದರೆ ಬೇರು ಬಿಡುತ್ತದೆ. ಎರಡೂ ಹದವಾಗಿದ್ದರೆ ಎರಡೂ ಅಲ್ಲದ ಗಡ್ಡೆಯಂಥ ಮುದ್ದೆ ಬೆಳೆಯುತ್ತದೆ. ಟಿಶ್ಯೂ ಕಲ್ಚರ್ ಅಡುಗೆಯೆಲ್ಲ ಈ ಒಗ್ಗರಣೆಯ ಮೇಲೆ ನಿಂತಿದೆ. ಇನ್ನು ಊಟದ ಪಟ್ಟಿ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಕೊಟ್ಟದ್ದು. ಹೊಗೆಸೊಪ್ಪಿಗೆ ಅಂತ ಮಾಡಿದ ಆ ಪಟ್ಟಿಯನ್ನು ಅವರಿಬ್ಬರ ಹೆಸರಿನ ಮೊದಲಕ್ಷರದಿಂದ ಎಂಎಸ್ ಮೀಡಿಯಾ (ಮೀಡಿಯಾ ಅಂದರೆ ಬಾಟಲಿಯಲ್ಲಿ ಗಿಡಕ್ಕೆ ಕೊಡುವ ಊಟ) ಅಂತ ಇವತ್ತಿಗೂ ಬಾಳೆಗೂ ಬಳಸುತ್ತಾರೆ, ಕರಬೂಜಕ್ಕೂ ಬಳಸುತ್ತಾರೆ.

ಮೀಡಿಯಾ ರೂಮಿನ ವಾಸನೆ ನನಗೆ ಇನ್ನೂ ನೆನಪಿದೆ. ಬಿಸಿ ಸಕ್ಕರೆ ನೀರು, ಅದರಲ್ಲಿ ಕರಗುತ್ತಿರುವ ಅಗರ್. ಅಡುಗೆಮನೆಯಲ್ಲಿ ಚೈನಾ ಗ್ರಾಸ್ ಅಂತೀವಲ್ಲ, ಅದೇ. ಲೀಟರಿಗೆ 30 ಗ್ರಾಂ ಸಕ್ಕರೆ, ಏಳೆಂಟು ಗ್ರಾಂ ಅಗರ್, ಉಪ್ಪುಗಳು, ವಿಟಮಿನ್ನುಗಳು, ಮಿಲಿಗ್ರಾಂ ಲೆಕ್ಕದಲ್ಲಿ ಹಾರ್ಮೋನು. ಹುಳಿಯ ಅಳತೆಯಾದ ಪಿಎಚ್ ಅನ್ನು 5.8ಕ್ಕೆ ತರಬೇಕು. ಹುಳಿ ಜಾಸ್ತಿಯಾದರೆ ಅಗರ್ ಗಟ್ಟಿಯಾಗದೆ ಕೈಕೊಡುತ್ತದೆ. ಬಾಟಲಿಗೆ ಹುಯ್ದು, ಆಟೋಕ್ಲೇವ್ ಅನ್ನುವ ಕುಕ್ಕರಿನಂಥ ಪಾತ್ರೆಯಲ್ಲಿ 121 ಡಿಗ್ರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಬೇಕು. ಇಷ್ಟು ಸಿಹಿ ಊಟವನ್ನು ತೆರೆದಿಟ್ಟರೆ ಗಿಡಕ್ಕಿಂತ ಮೊದಲು ಬೂಷ್ಟು ಬಂದು ಕೂರುತ್ತದೆ. ಬಾಟಲಿಯೊಳಗೆ ಒಂದೇ ಒಂದು ಕ್ರಿಮಿ ಉಳಿದಿದ್ದರೂ ಮೂರು ದಿನದಲ್ಲಿ ಅದರದ್ದೇ ಮದುವೆ.

ಕರಬೂಜದಲ್ಲಿ ಈ ತಲೆನೋವು ಒಂದು ಕೈ ಜಾಸ್ತಿ. ಬಳ್ಳಿಯ ಕುಡಿಯನ್ನು ಬೆರಳಲ್ಲಿ ಸವರಿ ನೋಡಿ, ಪೂರ್ತಿ ರೋಮ. ಆ ರೋಮದ ಸಂದಿಯಲ್ಲಿ ಹೊಲದ ಧೂಳೆಲ್ಲ ಕೂತಿರುತ್ತದೆ. ಮೊದಲು ಅರ್ಧ ಗಂಟೆ ನಲ್ಲಿ ನೀರಿನ ಕೆಳಗೆ ಇಡುತ್ತೇವೆ. ಆಮೇಲೆ ಸೋಪಿನ ನೀರು. ಆಮೇಲೆ ಶೇ. 70ರ ಆಲ್ಕೋಹಾಲಿನಲ್ಲಿ ಅರ್ಧ ನಿಮಿಷ. ಆಮೇಲೆ ಬಟ್ಟೆಗೆ ಹಾಕುವ ಬ್ಲೀಚಿನಂಥದ್ದೇ ದ್ರಾವಣದಲ್ಲಿ ಹತ್ತು ಹದಿನೈದು ನಿಮಿಷ. ಮೂರು ನಾಲ್ಕು ಸಲ ಶುದ್ಧ ನೀರಿನಲ್ಲಿ ಜಾಲಿಸಬೇಕು. ಬ್ಲೀಚು ಕಮ್ಮಿಯಾದರೆ ಬೂಷ್ಟು ಬದುಕುತ್ತದೆ, ಜಾಸ್ತಿಯಾದರೆ ಕುಡಿಯೇ ಬೆಳ್ಳಗಾಗಿ ಸಾಯುತ್ತದೆ. ನಾನು ಒಮ್ಮೆ ಹೊಲದ ಬಳ್ಳಿಯಿಂದ ತಂದ ಕುಡಿಗಳನ್ನು ನಲವತ್ತು ಬಾಟಲಿಗೆ ಹಾಕಿದ್ದೆ. ವಾರದ ಮೇಲೆ ಉಳಿದದ್ದು ಆರು. ಕೆಟ್ಟವುಗಳಲ್ಲಿ ಹತ್ತಿಯಂಥ ಬೂಷ್ಟು, ಇಲ್ಲವೇ ಕುಡಿಯ ಬುಡದಲ್ಲಿ ಹಾಲಿನಂಥ ಬ್ಯಾಕ್ಟೀರಿಯಾ.

ಲ್ಯಾಮಿನಾರ್ ಫ್ಲೋ ಅಂತ ಒಂದು ಮೇಜು ಇರುತ್ತದೆ. ಸೋಸಿದ ಗಾಳಿ ಒಳಗಿನಿಂದ ನಮ್ಮ ಮುಖದ ಕಡೆಗೆ ಬೀಸುತ್ತಲೇ ಇರುತ್ತದೆ. ಅದರ ಮುಂದೆ ಕೂತು ಸ್ಕಾಲ್ಪೆಲ್ ಅನ್ನುವ ಪುಟ್ಟ ಕತ್ತಿಯನ್ನೂ ಚಿಮುಟವನ್ನೂ ಸ್ಪಿರಿಟ್ ದೀಪದಲ್ಲಿ ಕಾಯಿಸಿ ಕೆಲಸ ಮಾಡಬೇಕು. ನನ್ನ ಮೊದಲ ವಾರದ ಕಥೆ: ಕಾಯಿಸಿದ ಸ್ಕಾಲ್ಪೆಲ್ ತಣಿಯೋಕೆ ಬಿಡದೆ ಚಕಚಕ ಅಂತ ಕತ್ತರಿಸಿದ್ದೆ. ನನ್ನ ವೇಗ ನೋಡಿ ನನಗೇ ಖುಷಿ. ಮಾರನೇ ದಿನ ನೋಡಿದರೆ ಎಲ್ಲ ಕುಡಿಗಳ ಬುಡವೂ ಕಂದು. ಸುಟ್ಟ ತರಕಾರಿ! ಪಕ್ಕದಲ್ಲಿ ಕೂರುತ್ತಿದ್ದ ಅಕ್ಕ ಏನೂ ಬೈಯಲಿಲ್ಲ. ಬಿಸಿ ಸ್ಕಾಲ್ಪೆಲ್ಲನ್ನು ಅಗರಿಗೆ ಒಮ್ಮೆ ಚುಚ್ಚಿ 'ಚುಂಯ್' ಅನ್ನಿಸಿ ತೋರಿಸಿದರು. ಆ ಶಬ್ದ ಬಂದರೆ ಇನ್ನೂ ಬಿಸಿ ಇದೆ ಅಂತ.

ಎರಡು ಮೂರು ಸೆಂಟಿಮೀಟರ್ ಉದ್ದದ ತುದಿ ಕುಡಿ, ಇಲ್ಲವೇ ಗೆಣ್ಣಿರುವ ಒಂದು ತುಂಡು. ಚಿಗುರಿನ ಹಾರ್ಮೋನು ಇರುವ ಮೀಡಿಯಾದ ಮೇಲೆ ನಿಲ್ಲಿಸಿದರೆ 25 ಡಿಗ್ರಿಯ ಕೋಣೆಯಲ್ಲಿ, ದಿನಕ್ಕೆ 16 ಗಂಟೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಮೂರು ನಾಲ್ಕು ವಾರಕ್ಕೆ ಪಕ್ಕದಲ್ಲಿ ಹೊಸ ಚಿಗುರುಗಳು. ಅವನ್ನು ಬಿಡಿಸಿ ಹೊಸ ಬಾಟಲಿಗೆ. ಇದಕ್ಕೆ ಸಬ್‌ಕಲ್ಚರ್ ಅಂತಾರೆ. ಬಳ್ಳಿಯ ಬುದ್ಧಿ ಬಾಟಲಿಯಲ್ಲೂ ಹೋಗಲ್ಲ. ಹಿಡಿಯೋಕೆ ಏನೂ ಇಲ್ಲದಿದ್ದರೂ ಸುರುಳಿ ಕುಡಿ ಚಾಚುತ್ತದೆ. ಕೆಲವು ಸಲ ಬೆರಳುದ್ದದ ಗಿಡ ಬಾಟಲಿಯೊಳಗೇ ಹಳದಿ ಹೂ ಬಿಟ್ಟು ಕೂತಿರುತ್ತದೆ. ನೋಡೋಕೆ ಚಂದ, ಆದರೆ ಹೂ ಬಿಟ್ಟ ಕುಡಿಯಿಂದ ಚಿಗುರು ಅಷ್ಟಾಗಿ ಸಿಗಲ್ಲ.

ಈಗ ಲೆಕ್ಕ ಹಾಕೋಣ. ಪ್ರತಿ ಸುತ್ತಿಗೆ ಒಂದು ಮೂರಾಗುತ್ತದೆ ಅಂತ ಹಿಡಿಯಿರಿ. ಒಂದು, ಮೂರು, ಒಂಬತ್ತು, ಇಪ್ಪತ್ತೇಳು... ಎಂಟನೇ ಸುತ್ತಿಗೆ 6561. ಮಲ್ಚಿಂಗ್, ಡ್ರಿಪ್ ಹಾಕಿದ ಒಂದು ಎಕರೆಗೆ ಹೆಚ್ಚೂಕಮ್ಮಿ ಅಷ್ಟೇ ಬಳ್ಳಿ ಬೇಕು. ನಾಲ್ಕು ವಾರಕ್ಕೊಂದು ಸುತ್ತು ಅಂದರೆ 32 ವಾರ. ಏಳು ತಿಂಗಳ ಮೇಲಾಯಿತು. ಅದೂ ಒಂದು ಬಾಟಲಿಯೂ ಕೆಡದಿದ್ದರೆ! ಆಮೇಲೆ ಬೇರು ಬರಿಸೋಕೆ ಎರಡು ಮೂರು ವಾರ. ಆಮೇಲೆ ಹಾರ್ಡನಿಂಗ್. ಈ ಹಾರ್ಡನಿಂಗ್ ಅನ್ನೋದು ಕರಬೂಜದಲ್ಲಿ ದೊಡ್ಡ ಪರೀಕ್ಷೆ. ಬಾಟಲಿಯೊಳಗೆ ನೂರಕ್ಕೆ ನೂರು ತೇವದಲ್ಲಿ ಬೆಳೆದ ಎಲೆಗೆ ಮೇಲಿನ ಮೇಣದ ಪದರ ಸರಿಯಾಗಿ ಕೂತಿರಲ್ಲ. ಎಲೆಯ ಉಸಿರಾಟದ ರಂಧ್ರಗಳಿಗೆ ಮುಚ್ಚಿಕೊಳ್ಳುವ ಅಭ್ಯಾಸ ಇರಲ್ಲ. ಹೊರಗೆ ತೆಗೆದು ಹತ್ತು ನಿಮಿಷ ಫ್ಯಾನಿನ ಕೆಳಗಿಟ್ಟರೆ ಬೇಯಿಸಿದ ಸೊಪ್ಪಿನ ಹಾಗೆ ಜೋತುಬೀಳುತ್ತದೆ. ಸಸಿ ಬೆಳೆಸುವ ಪ್ರೋ ಟ್ರೇಯಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ ನೆಟ್ಟು, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಇಟ್ಟು, ದಿನಾ ಸ್ವಲ್ಪ ಸ್ವಲ್ಪ ಸಂದಿ ಬಿಟ್ಟು ಗಾಳಿಗೆ ರೂಢಿ ಮಾಡಿಸಬೇಕು. ಕರಬೂಜದ ಎಲೆ ಅಗಲ, ಮೆತ್ತಗೆ. ನೀರು ಬೇಗ ಕಳೆದುಕೊಳ್ಳುತ್ತದೆ.

ಇದನ್ನು ಬಾಳೆಯ ಪಕ್ಕ ಇಟ್ಟು ನೋಡಿ. ನಾವು ತಿನ್ನುವ ಜಿ-ನೈನ್ ಬಾಳೆಯಲ್ಲಿ ಬೀಜವೇ ಇಲ್ಲ. ಬುಡದಲ್ಲಿ ಏಳುವ ಕಂದುಗಳನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಕಂದಿನ ಜೊತೆ ರೋಗವೂ ಬರುತ್ತದೆ, ಅದಕ್ಕೇ ಬಾಟಲಿಯ ಗಿಡ. ಆರಡಿಗೆ ಆರಡಿ ನೆಟ್ಟರೆ ಎಕರೆಗೆ 1200 ಗಿಡ ಸಾಕು. ಹನ್ನೊಂದು ಹನ್ನೆರಡು ತಿಂಗಳ ಬೆಳೆ, ಮೇಲೆ ಕೂಳೆ ಬೆಳೆಯೂ ಸಿಗುತ್ತದೆ. ಗಿಡಕ್ಕೆ ಹದಿನೈದು ಇಪ್ಪತ್ತು ರೂಪಾಯಿ ಕೊಟ್ಟರೂ ಹುಟ್ಟುತ್ತದೆ. ಕರಬೂಜ ಎಪ್ಪತ್ತರಿಂದ ತೊಂಬತ್ತು ದಿನದ ಬೆಳೆ. ಲ್ಯಾಬಿನವರು ಕರಬೂಜದ ಗಿಡವನ್ನೂ ಹದಿನೈದು ರೂಪಾಯಿಗೇ ಮಾಡಿಕೊಟ್ಟರು ಅಂದುಕೊಂಡರೂ ಎಕರೆಗೆ ಬರೀ ಗಿಡದ ಖರ್ಚು ಒಂದು ಲಕ್ಷದ ಹತ್ತಿರ. ಇತ್ತ ಒಂದೇ ಕರಬೂಜದ ಹಣ್ಣಿನಲ್ಲಿ ನಾನೂರು ಐನೂರು ಬೀಜ. ಹದಿನೈದು ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿದರೆ ಒಂದು ಎಕರೆಗೆ ಬೇಕಾದ ಹೈಬ್ರಿಡ್ ಬೀಜ ಸಿಕ್ಕಿತು! ರಾಣೆಬೆನ್ನೂರು, ಹಾವೇರಿ, ಕೊಪ್ಪಳದ ಕಡೆ ಹೊಲಗಳಲ್ಲಿ ಹೆಣ್ಣುಮಕ್ಕಳು ಚಿಮುಟ ಹಿಡಿದು ತರಕಾರಿ ಬೀಜಗಳಿಗೆ ಮಾಡುವ ಕ್ರಾಸಿಂಗ್ ಕೆಲಸ ಇದೇ. ಮರುದಿನ ಅರಳುವ ಮೊಗ್ಗನ್ನು ಸಂಜೆಯೇ ಗುರುತಿಸಿ, ಬಿಡಿಸಿ, ಗಂಡು ಭಾಗ ಕಿತ್ತು, ಮುಚ್ಚಿಟ್ಟು, ಬೆಳಿಗ್ಗೆ ಬಿಸಿಲೇರುವ ಮುಂಚೆ ತಂದೆ ತಳಿಯ ಹೂ ತಂದು ಸವರಿ, ದಾರ ಕಟ್ಟುತ್ತಾರೆ. ಒಂದು ಹೂವಿಗೆ ಒಂದೆರಡು ನಿಮಿಷ. ಯಾವ ಲ್ಯಾಬು ಇದರ ಜೊತೆ ಪೈಪೋಟಿ ಮಾಡೀತು?

ಜಪಾನಿನ ಹೊಕ್ಕೈಡೋದಲ್ಲಿ ಯೂಬರಿ ಕಿಂಗ್ ಅನ್ನುವ ಕರಬೂಜ ಇದೆ. ಅದೂ ಎರಡು ತಳಿ ಸೇರಿಸಿದ ಹೈಬ್ರಿಡ್ಡೇ. 2019ರ ಹರಾಜಿನಲ್ಲಿ ಎರಡು ಹಣ್ಣಿಗೆ 50 ಲಕ್ಷ ಯೆನ್ ಕೂಗಿದರು, ಆಗಿನ ಲೆಕ್ಕದಲ್ಲಿ 30 ಲಕ್ಷ ರೂಪಾಯಿಗೂ ಮೇಲೆ. ಅಷ್ಟು ಬೆಲೆಯ ಹಣ್ಣನ್ನೂ ಅಲ್ಲಿಯವರು ವರ್ಷ ವರ್ಷ ಬೀಜದಿಂದಲೇ ಬೆಳೆಯುತ್ತಾರೆ.

ದುಡ್ಡಿನ ಮಾತು ಬಿಡಿ ಅಂದರೂ ಇನ್ನೊಂದು ತೊಡಕಿದೆ. ಟಿಶ್ಯೂ ಕಲ್ಚರ್ ಅಂದರೆ ಪಡಿಯಚ್ಚು ಅಂತ ನಾವೆಲ್ಲ ಹೇಳಿಕೊಂಡು ಓಡಾಡ್ತೀವಿ. ಅದು ಪೂರ್ತಿ ನಿಜವಲ್ಲ. ಕುಡಿಯಿಂದ, ಗೆಣ್ಣಿನಿಂದ ಚಿಗುರು ತೆಗೆದರೆ ಸಾಮಾನ್ಯವಾಗಿ ತಾಯಿಯಂಥದ್ದೇ ಬರುತ್ತದೆ. ಯಾಕಂದರೆ ಅಲ್ಲಿ ಮೊದಲೇ ಮೊಗ್ಗು ಇದೆ, ನಾವು ಬರೀ ಎಬ್ಬಿಸ್ತೀವಿ. ಆದರೆ ಇದರಲ್ಲಿ ಸಂಖ್ಯೆ ಕಮ್ಮಿ. ಅದಕ್ಕೆ ಅಡ್ಡದಾರಿ ಒಂದಿದೆ. ಮೊಳಕೆಯ ಬೀಜದಳವನ್ನು (ಬೀಜ ಒಡೆದಾಗ ಮೊದಲು ಕಾಣುವ ಎರಡು ದಪ್ಪ ಎಲೆ) ತುಂಡು ಮಾಡಿ ಮೀಡಿಯಾದ ಮೇಲೆ ಮಲಗಿಸಿದರೆ, ಮೊಗ್ಗೇ ಇಲ್ಲದ ಜಾಗದಿಂದ ಒಂದೇ ತುಂಡಿನಲ್ಲಿ ಹತ್ತಾರು ಚಿಗುರು ಹುಟ್ಟುತ್ತವೆ. ಕರಬೂಜದ ಬೀಜದಳ ಇದಕ್ಕೆ ಹೇಳಿ ಮಾಡಿಸಿದ ಹಾಗೆ.

ಮೋಸ ಇರುವುದು ಅಲ್ಲೇ. ಕರಬೂಜದ ಜೀವಕೋಶದಲ್ಲಿ 24 ವರ್ಣತಂತು, ಅಂದರೆ ಜೀನುಗಳನ್ನು ಹೊತ್ತ ಎಳೆಗಳು. (ಹುಳಿಗೆ ಹಾಕುವ ಮಂಗಳೂರು ಸೌತೆಯೂ ಜಾತಿಯಲ್ಲಿ ಕರಬೂಜವೇ, ಅದರಲ್ಲೂ 24. ಹಸಿ ತಿನ್ನುವ ಸೌತೆಕಾಯಿಗೆ ಬರೀ 14. ಹೆಸರು ನಂಬಿ ಸಂಬಂಧ ಹೇಳಬಾರದು.) ಬೀಜದಳದ ಕೆಲವು ಕೋಶಗಳಲ್ಲಿ ಈ ಸಂಖ್ಯೆ ಮೊದಲೇ ದುಪ್ಪಟ್ಟಾಗಿ 48 ಆಗಿರುತ್ತದೆ. ಅಂಥ ಕೋಶದಿಂದ ಹುಟ್ಟಿದ ಚಿಗುರು ಇಡೀ ಗಿಡವಾಗಿ 48 ಹೊತ್ತುಕೊಂಡೇ ಬರುತ್ತದೆ. ಇದು ಅಪರೂಪವಲ್ಲ, ಬೀಜದಳದಿಂದ ಕರಬೂಜ ಮಾಡಿದವರೆಲ್ಲ ಎದುರಿಸಿದ ಸಮಸ್ಯೆ. ಎಲೆ ದಪ್ಪ, ಹೂ ದೊಡ್ಡದು, ಹಣ್ಣು ಚಪ್ಪಟೆ, ಬೀಜ ಕಮ್ಮಿ. ಬಾಟಲಿಯಲ್ಲಿ ಇದ್ದಾಗ ಕಣ್ಣಿಗೆ ಗೊತ್ತಾಗಲ್ಲ. ಎಲೆಯ ಅಡಿಯ ಸಿಪ್ಪೆಯನ್ನು ತೆಳ್ಳಗೆ ಸುಲಿದು, ಉಸಿರು ರಂಧ್ರದ ಎರಡು ಕಾವಲು ಕೋಶಗಳಲ್ಲಿ ಎಷ್ಟು ಹಸಿರು ಕಾಳು ಇವೆ ಅಂತ ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಹೆಚ್ಚೂಕಮ್ಮಿ ದುಪ್ಪಟ್ಟು ಕಂಡರೆ ಗಿಡ ಕೆಟ್ಟಿದೆ ಅಂತ. ದುಡ್ಡಿದ್ದ ಲ್ಯಾಬಿನವರು ಯಂತ್ರಕ್ಕೆ ಕೊಡುತ್ತಾರೆ.

ಇನ್ನೊಂದು ಕಾಟ ಗಾಜಿನ ಗಿಡ. ಚಿಗುರು ಊದಿಕೊಂಡು, ನೀರು ತುಂಬಿ, ಪಾರದರ್ಶಕವಾಗಿ ಹೊಳೆಯುತ್ತದೆ. ಮುಟ್ಟಿದರೆ ಲೋಳೆಸರದ ಒಳಗಿನ ಹಾಗೆ. ಬಾಟಲಿಯಲ್ಲಿ ತೇವ ಜಾಸ್ತಿಯಾದರೆ, ಹಾರ್ಮೋನು ಜಾಸ್ತಿ ಹಾಕಿದರೆ ಹೀಗಾಗುತ್ತದೆ. ಬೇಗ ಬೇಗ ಚಿಗುರು ಬೇಕು ಅಂತ ಆಸೆ ಪಟ್ಟು ಹಾರ್ಮೋನು ಸುರಿಯುವವರಿಗೆ ಇದು ಮಾಮೂಲಿ. ಮುಚ್ಚಿದ ಬಾಟಲಿಯಲ್ಲಿ ಎಥಿಲೀನ್ ಅನಿಲವೂ ಸೇರಿಕೊಳ್ಳುತ್ತದೆ. ಹಣ್ಣು ಮಾಗಿಸುವ ಅನಿಲವೇ ಅದು. ಅದರ ಆಟ ತಗ್ಗಿಸೋಕೆ ಕೆಲವರು ಮೀಡಿಯಾಕ್ಕೆ ಚೂರು ಸಿಲ್ವರ್ ನೈಟ್ರೇಟ್ ಹಾಕುತ್ತಾರೆ.

ಹಾಗಾದರೆ ಕರಬೂಜದ ಕುಟುಂಬಕ್ಕೂ ಟಿಶ್ಯೂ ಕಲ್ಚರಿಗೂ ಸಂಬಂಧವೇ ಇಲ್ಲವಾ? ಇದೆ, ಚೆನ್ನಾಗಿಯೇ ಇದೆ. ಆದರೆ ರೈತನ ಹೊಲದಲ್ಲಲ್ಲ, ಬೀಜದ ಪೊಟ್ಟಣದ ಹಿಂದೆ. ಅಲ್ಲಿ ಕೆಲಸ ನಡೆಯೋದು ನಮಗೆ ಕಾಣಲ್ಲ, ಅಷ್ಟೇ.

ಬೀಜವಿಲ್ಲದ ಕಲ್ಲಂಗಡಿಯನ್ನೇ ತೆಗೆದುಕೊಳ್ಳಿ. ಕಲ್ಲಂಗಡಿಯಲ್ಲಿ ಮಾಮೂಲಿ 22 ವರ್ಣತಂತು. ಜಪಾನಿನ ಹಿತೋಶಿ ಕಿಹಾರ ಮೂಲತಃ ಗೋಧಿಯ ವಿಜ್ಞಾನಿ. ಅವರು 1939ರಲ್ಲಿ ಶುರುಮಾಡಿ, ಕಾಲ್ಚಿಸಿನ್ ಅನ್ನುವ ಗಿಡಮೂಲಿಕೆಯ ವಿಷವನ್ನು ಬಳಸಿ ಇದನ್ನು 44 ಮಾಡಿದರು. ಕೋಶ ಒಡೆಯುವಾಗ ವರ್ಣತಂತುಗಳು ಬೇರೆಯಾಗದ ಹಾಗೆ ಆ ವಿಷ ಹಿಡಿದು ನಿಲ್ಲಿಸುತ್ತದೆ. ಈ 44ರ ತಾಯಿಗೆ 22ರ ತಂದೆಯ ಪರಾಗ ಕೊಟ್ಟರೆ ಮಗು 33. ಮೂವತ್ತಮೂರನ್ನು ಎರಡು ಸಮಪಾಲು ಮಾಡೋಕೆ ಬರಲ್ಲ. ಹಾಗಾಗಿ ಬೀಜ ಕಟ್ಟಲ್ಲ, ಬೆಳ್ಳಗಿನ ಪೊಳ್ಳು ಸಿಪ್ಪೆ ಮಾತ್ರ ಉಳಿಯುತ್ತದೆ. 1951ರಲ್ಲಿ ಅವರ ವಿವರವಾದ ಬರಹ ಹೊರಬಂತು. ನಮ್ಮಲ್ಲೂ ದೆಹಲಿಯ ಪೂಸಾ ಬೇದಾನ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಮಧುರ, ಕೇರಳ ಕೃಷಿ ವಿಶ್ವವಿದ್ಯಾಲಯದ ಶೋಣಿಮ ಇದೇ ದಾರಿಯಲ್ಲಿ ಬಂದವು.

ಈ ಬೀಜ ಯಾಕೆ ದುಬಾರಿ? 44ರ ತಾಯಿ ಗಿಡವೇ ಅಪರೂಪ, ಅದರ ಹಣ್ಣಿನಲ್ಲಿ ಬೀಜವೂ ಕಮ್ಮಿ. ಸಿಕ್ಕ ಬೀಜಕ್ಕೆ ಸಿಪ್ಪೆ ದಪ್ಪ, ಒಳಗಿನ ಭ್ರೂಣ ಬಡಕಲು, ಸರಿಯಾದ ಬಿಸಿ ಸಿಗದಿದ್ದರೆ ಮೊಳೆಯೋದೇ ಇಲ್ಲ. ಇಂಥ ಕಡೆ ಬಾಟಲಿಯ ಗಿಡಕ್ಕೆ ಬೆಲೆ ಬರುತ್ತದೆ. ಒಂದು ಒಳ್ಳೆಯ 44ರ ತಾಯಿ ಸಿಕ್ಕರೆ ಅದರ ಕುಡಿಯಿಂದ ನೂರಾರು ತಾಯಂದಿರನ್ನು ಮಾಡಿ ಬೀಜೋತ್ಪಾದನೆಗೆ ಇಳಿಸಬಹುದು. 33ರ ಗಿಡವನ್ನೇ ನೇರವಾಗಿ ಹೆಚ್ಚಿಸುವುದನ್ನೂ ಮಾಡಿ ನೋಡಿದ್ದಾರೆ. ಇನ್ನೊಂದು ತಮಾಷೆ ಗಮನಿಸಿ. ಬೀಜದಳದ ತುಂಡಿನಿಂದ ಬೇಡಬೇಡ ಅಂದರೂ ದುಪ್ಪಟ್ಟು ವರ್ಣತಂತಿನ ಗಿಡ ಬರುತ್ತದೆ ಅಂತ ಆಗಲೇ ಹೇಳಿದೆನಲ್ಲ. ಕಲ್ಲಂಗಡಿಯಲ್ಲೂ ಹಾಗೆ ಬರುತ್ತದೆ. ಬೀಜರಹಿತ ತಳಿ ಮಾಡುವವರಿಗೆ ಅದೇ ವರ! ವಿಷ ಮುಟ್ಟದೆಯೇ 44ರ ತಾಯಿ ಸಿಗುತ್ತಾಳೆ. ಒಬ್ಬರು ಕಿತ್ತು ಕಸಕ್ಕೆ ಹಾಕುವ ಗಿಡವನ್ನು ಇನ್ನೊಬ್ಬರು ಹುಡುಕಿಕೊಂಡು ಕೂತಿರುತ್ತಾರೆ.

ಎರಡನೆಯದು ಪಂಜಾಬಿನ ಕಥೆ. ಲುಧಿಯಾನದ ಕೃಷಿ ವಿಶ್ವವಿದ್ಯಾಲಯ 1981ರಲ್ಲಿ ಪಂಜಾಬ್ ಹೈಬ್ರಿಡ್-1 ಅನ್ನುವ ಕರಬೂಜ ಬಿಡುಗಡೆ ಮಾಡಿತು. ಅದರ ತಾಯಿ ತಳಿಯಲ್ಲಿ ಪರಾಗವೇ ಇಲ್ಲ, ಗಂಡುತನ ಬಂಜೆ. ಚಿಮುಟದ ಕೆಲಸ ಬೇಡ, ಜೇನುಹುಳುವೇ ಕ್ರಾಸಿಂಗ್ ಮಾಡಿಬಿಡುತ್ತದೆ. ಆದರೆ ಪರಾಗವಿಲ್ಲದ ತಾಯಿಯನ್ನು ಉಳಿಸಿಕೊಳ್ಳೋದು ಹೇಗೆ? ಪರಾಗ ಇರುವ ಅದರ ಸೋದರ ಗಿಡದ ಜೊತೆ ಸೇರಿಸಬೇಕು. ಆಗ ಹುಟ್ಟುವುದರಲ್ಲಿ ಅರ್ಧ ಪರಾಗವಿಲ್ಲದ್ದು, ಅರ್ಧ ಪರಾಗ ಇರುವುದು. ಹೂ ಬಿಡುವ ತನಕ ಯಾವುದು ಯಾವುದು ಅಂತ ಗೊತ್ತಾಗಲ್ಲ. ಅಲ್ಲಿಯವರೆಗೆ ನೀರು ಗೊಬ್ಬರ ಹಾಕಿ ಸಾಕಿ, ಹೂ ನೋಡಿ ಅರ್ಧ ಬಳ್ಳಿ ಕಿತ್ತು ಎಸೆಯಬೇಕು. ಪರಾಗವಿಲ್ಲದ ಒಂದು ಬಳ್ಳಿಯ ಕುಡಿಯನ್ನು ಬಾಟಲಿಗೆ ಹಾಕಿದರೆ ಬರುವುದೆಲ್ಲ ಪರಾಗವಿಲ್ಲದ್ದೇ. ಬೇಕಾಗೋದು ಕೆಲವು ನೂರು ತಾಯಿ ಗಿಡ. ಇಲ್ಲಿ ಲ್ಯಾಬಿನ ಲೆಕ್ಕ ಕೂಡುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಶುದ್ಧ ತಳಿಗೆ ಏಳೆಂಟು ತಲೆಮಾರು ಬೇಕು ಅಂದೆನಲ್ಲ, ಅದನ್ನು ಒಂದೇ ನೆಗೆತಕ್ಕೆ ದಾಟುವ ಉಪಾಯ. ಗಿಡದ ಪರಾಗಕೋಶದಿಂದಲೇ ಅರ್ಧ ವರ್ಣತಂತಿನ ಗಿಡ ಬೆಳೆಸಬಹುದು ಅಂತ ದೆಹಲಿ ವಿಶ್ವವಿದ್ಯಾಲಯದ ಸಿಪ್ರಾ ಗುಹಾ ಮತ್ತು ಮಹೇಶ್ವರಿ 1964ರಲ್ಲಿ ಉಮ್ಮತ್ತಿ ಗಿಡದಲ್ಲಿ ತೋರಿಸಿದ್ದರು. ಕರಬೂಜ ಆ ದಾರಿಗೆ ಸುಲಭವಾಗಿ ಬಗ್ಗಲಿಲ್ಲ. 1987ರಲ್ಲಿ ಫ್ರಾನ್ಸಿನವರು ಬೇರೆ ದಾರಿ ಹಿಡಿದರು. ಗಂಡು ಹೂವಿನ ಪರಾಗಕ್ಕೆ ವಿಕಿರಣ ಹಾಯಿಸಿದರು. ಪರಾಗ ಮೊಳೆಯುತ್ತದೆ, ಅಂಡದ ತನಕ ಹೋಗುತ್ತದೆ, ಆದರೆ ಒಳಗಿನ ಸರಕು ಹಾಳಾಗಿದೆ. ಅಂಡಕ್ಕೆ ಮಾತ್ರ ಮದುವೆ ಆಯಿತು ಅನ್ನುವ ಭ್ರಮೆ. ಅದು ತನ್ನ 12 ವರ್ಣತಂತಿನಿಂದಲೇ ಭ್ರೂಣ ಕಟ್ಟೋಕೆ ಶುರುಮಾಡುತ್ತದೆ.

ಹಾಗೇ ಬಿಟ್ಟರೆ ಆ ಭ್ರೂಣ ಹಸಿದು ಸಾಯುತ್ತದೆ, ಬೀಜದೊಳಗೆ ಅದಕ್ಕೆ ಊಟ ಇಲ್ಲ. ಅದಕ್ಕೆ ಮೂರು ವಾರಕ್ಕೇ ಕಾಯಿ ಕೊಯ್ದು, ಒಂದೊಂದೇ ಎಳೆ ಬೀಜವನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ಹುಡುಕಬೇಕು. ನೂರು ಬೀಜ ಬಿಡಿಸಿದರೆ ಕೆಲವದರಲ್ಲಿ ಸಾಸಿವೆಗಿಂತ ಚಿಕ್ಕ ಬೆಳ್ಳನೆ ಚುಕ್ಕೆ. ಉಳಿದದ್ದೆಲ್ಲ ಖಾಲಿ. ಆ ಚುಕ್ಕೆಯನ್ನು ಚಿಮುಟದ ತುದಿಯಲ್ಲಿ ಎತ್ತಿ ಮೀಡಿಯಾದ ಮೇಲೆ ಇಟ್ಟರೆ 12 ವರ್ಣತಂತಿನ ಬಡಕಲು ಗಿಡ. ಅದಕ್ಕೆ ಕಾಲ್ಚಿಸಿನ್ ಕೊಟ್ಟು 24 ಮಾಡಿದರೆ ಎರಡೂ ಎಲೆ ಒಂದೇ ಆದ, ನೂರಕ್ಕೆ ನೂರು ಶುದ್ಧ ತಳಿ. ಇಂಥ ಎರಡು ತಳಿ ಸೇರಿಸಿದ್ದೇ ಮುಂದೆ ನಮ್ಮ ಕೈಗೆ ಬರುವ ಪೊಟ್ಟಣ.

ಇಷ್ಟೆಲ್ಲ ಹೇಳಿದ ಮೇಲೂ ಭಾವ ಬಿಡಲಿಲ್ಲ. "ಕಾನೂನು ಏನಾದ್ರೂ ಅಡ್ಡ ಬರುತ್ತಾ?" ಅಂದರು. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕಿನ ಕಾಯ್ದೆ ರೈತನ ಪರವಾಗಿ ತಕ್ಕಮಟ್ಟಿಗೆ ಉದಾರವಾಗಿದೆ. ತಾನು ಬೆಳೆದ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು. ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ. ಆದರೆ ಲ್ಯಾಬೊಂದು ಕಂಪನಿಯ ನೋಂದಾಯಿತ ಹೈಬ್ರಿಡ್ಡಿನ ಕುಡಿ ಹೆಚ್ಚಿಸಿ ಸಸಿ ಮಾರೋದು ಬೇರೆ ಮಾತು. ಅದಕ್ಕೆ ತಳಿ ಮಾಡಿದವರ ಒಪ್ಪಿಗೆ ಬೇಕು. ಬೀಜ ಎತ್ತಿಟ್ಟುಕೊಳ್ಳುವ ಆಸೆಯೇ ಇದ್ದರೆ ಹೆಸರಘಟ್ಟದ ಅರ್ಕಾ ಜೀತ್, ಅರ್ಕಾ ರಾಜಹಂಸ್ ಇವೆ. ಅವು ಹೈಬ್ರಿಡ್ ಅಲ್ಲ. ಬೇರೆ ಕರಬೂಜದ ಪರಾಗ ತಾಗದ ಹಾಗೆ ನೋಡಿಕೊಂಡರೆ ಬೀಜದಿಂದ ಅದೇ ಹಣ್ಣು ಬರುತ್ತದೆ. ಇನ್ನು ಸೊರಗು ರೋಗವೇ ಮುಖ್ಯ ಚಿಂತೆ ಅಂದರೆ ಕುಂಬಳದ ಬೇರಿನ ಮೇಲೆ ಕಸಿ ಮಾಡಿದ ಸಸಿ ನೆಡೋದು ಬಾಟಲಿಗಿಂತ ಹತ್ತಿರದ ದಾರಿ. ಕರಬೂಜದ ಸೊರಗಿನ ಬೂಷ್ಟು ಕುಂಬಳದ ಬೇರಿಗೆ ಸಾಮಾನ್ಯವಾಗಿ ಏರಲ್ಲ.

"ಅದೆಲ್ಲ ಸರಿ. ಈ ಬಳ್ಳಿ?"

ಕೊನೆಗೆ ಹೇಳಿದೆ. ಭಾವ, ಲ್ಯಾಬು ಬೇಡ, ಕತ್ತರಿ ಸಾಕು. ಹೂ ಬಿಡದ ಒಂದು ಪಕ್ಕದ ಕವಲನ್ನು ಗೇಣುದ್ದ ಕತ್ತರಿಸಿ. ಎಲೆ ಮೇಲೆ ಹಳದಿ ಮಚ್ಚೆ, ಮುದುಡು ಇದ್ದರೆ ಬೇಡ, ವೈರಸ್ಸನ್ನೂ ಜೊತೆಗೇ ಸಾಕಿದ ಹಾಗಾಗುತ್ತದೆ. ಕೆಳಗಿನ ಎಲೆ ತೆಗೆಯಿರಿ, ಮೇಲಿನ ಎಲೆ ಅರ್ಧಕ್ಕೆ ಕತ್ತರಿಸಿ. ಒದ್ದೆ ಕೋಕೋಪೀಟಿನಲ್ಲಿ ಒಂದು ಗೆಣ್ಣು ಮುಳುಗುವ ಹಾಗೆ ನೆಟ್ಟು, ಮೇಲೆ ಬುಡ ಕತ್ತರಿಸಿದ ನೀರಿನ ಬಾಟಲಿ ಮುಚ್ಚಿ, ನೆರಳಲ್ಲಿಡಿ. ಕರಬೂಜ ಗೆಣ್ಣಿನಲ್ಲಿ ಬೇರು ಬಿಡೋಕೆ ಜಾಸ್ತಿ ಸತಾಯಿಸಲ್ಲ. ಹೇಗಿದ್ದರೂ ಅದೂ ಪಡಿಯಚ್ಚೇ.

ಮೂರು ಕವಲು ನೆಟ್ಟರು. ಒಂಬತ್ತನೇ ದಿನ ವಾಟ್ಸಾಪಿನಲ್ಲಿ ಬಿಳಿ ಬೇರಿನ ಫೋಟೋ ಬಂತು. ಎರಡನ್ನು ಅದೇ ಸಾಲಿಗೆ ಹಾಕಿದರು, ಅವೂ ತಿಂಗಳೊಳಗೆ ಸೊರಗಿ ಮಲಗಿದವು. ಮೂರನೆಯದನ್ನು ನಮ್ಮಕ್ಕ ಹಿತ್ತಲ ನಲ್ಲಿಯ ಪಕ್ಕ ಹೊಸ ಮಣ್ಣಿನಲ್ಲಿ ನೆಟ್ಟಿದ್ದಳು. ಅದರಲ್ಲಿ ಎರಡು ಹಣ್ಣು ನಿಂತವು. ರಾಮನವಮಿ ಕಳೆದು ಒಂದು ವಾರಕ್ಕೆ ಹಣ್ಣಾದವು. ಪಾನಕಕ್ಕೆ ಸಿಗಲಿಲ್ಲ ಅಂತ ಅಕ್ಕನಿಗೆ ಬೇಜಾರು.